ಓದಿಸಿಕೊಂಡು ಹೋಗದ ಪುಸ್ತಕಗಳ ಪರವಾಗಿ

ಕನ್ನಡದಲ್ಲಿ ಪುಸ್ತಕಗಳ ಬಗ್ಗೆ ಆಡುವ ಮಾತುಗಳ ಪೈಕಿ ಬಳಸಿ ಬಳಸಿ ನುಣುಪಾಗಿರುವ ಒಂದು ಮಾತಿದೆ: ‘ಓದಿಸಿಕೊಂಡು ಹೋಗುತ್ತದೆ.’ ಬೆನ್ನುಡಿಯಲ್ಲಿ ಇದು ಇರುತ್ತದೆ, ಬಿಡುಗಡೆ ಸಮಾರಂಭದ ಭಾಷಣದಲ್ಲಿ ಇರುತ್ತದೆ, ಮುಖಪುಟದ ಫೋಟೋ ಹಾಕಿ ನಾಲ್ಕು ಸಾಲು ಬರೆಯುವವರಲ್ಲೂ ಇರುತ್ತದೆ. ಈ ಮಾತಿನ ವ್ಯಾಕರಣವನ್ನು ಒಮ್ಮೆ ಗಮನಿಸಿ. ದುಡಿಯುವುದೆಲ್ಲ ಪುಸ್ತಕ. ಓದುಗ ಕಿಟಕಿ ಪಕ್ಕದ ಸೀಟು ಹಿಡಿದು ಕೂತ ಪ್ರಯಾಣಿಕ. ಟಿಕೆಟ್ ತೆಗೆದುಕೊಂಡಾಗಿದೆ, ಇನ್ನು ಊರು ಮುಟ್ಟಿಸುವುದು ಡ್ರೈವರನ ಪಾಡು. ಘಾಟಿಯಲ್ಲಿ ಬಸ್ಸು ನಿಂತರೆ ಕೆಳಗಿಳಿದು ಬೈಯುವ ಹಕ್ಕೂ ಅವನಿಗಿದೆ.

ಪತ್ತೇದಾರಿ ಕಾದಂಬರಿಗೆ ಈ ಮಾತು ಸರಿ. ಅದು ಓದಿಸಿಕೊಂಡು ಹೋಗದಿದ್ದರೆ ಅದಕ್ಕೆ ಬೇರೆ ಕೆಲಸವೇ ಇಲ್ಲ. ನನ್ನ ತಕರಾರು ಇರುವುದು ಭತ್ತ, ಅಡಿಕೆ, ಮೆಣಸು ಎಲ್ಲವನ್ನೂ ಇದೊಂದೇ ಕೊಳಗದಲ್ಲಿ ಅಳೆಯುವವರ ಮೇಲೆ.

ಇಲ್ಲಿ ವಿದ್ಯಾನಗರದಲ್ಲಿ, ಸಹ್ಯಾದ್ರಿ ಕಾಲೇಜಿಗೆ ನಡೆದೇ ಹೋಗಬಹುದಾದಷ್ಟು ಹತ್ತಿರದ ಒಂದು ಮನೆಯ ವರಾಂಡದಲ್ಲಿ ನಾವು ಏಳೆಂಟು ಜನ ಭಾನುವಾರ ಸಂಜೆ ಸೇರುತ್ತೇವೆ. ಇಬ್ಬರು ಮೇಷ್ಟ್ರುಗಳು, ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಭದ್ರಾವತಿಯಿಂದ ಬಸ್ಸು ಹತ್ತಿ ಬರುವ ಔಷಧಿ ಅಂಗಡಿಯವರು, ಉಳಿದಂತೆ ಎಂ.ಎ. ಓದುವ ಹುಡುಗ ಹುಡುಗಿಯರು. ಹೆಸರಿಲ್ಲದ ಗುಂಪು, ಅಧ್ಯಕ್ಷರೂ ಇಲ್ಲ. ಹೋದ ಮಳೆಗಾಲದಲ್ಲಿ ನಾವು ಕುಂ. ವೀರಭದ್ರಪ್ಪನವರ ‘ಅರಮನೆ’ಯನ್ನು ಎತ್ತಿಕೊಂಡೆವು. 2005ರಲ್ಲಿ ಬಂದ, 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ದಪ್ಪ ಪುಸ್ತಕ. ಎರಡನೇ ಭಾನುವಾರದ ಹೊತ್ತಿಗೆ ವರಾಂಡ ಇಬ್ಭಾಗವಾಗಿತ್ತು. ಒಂದು ಬಣ, ಇದು ಓದುವುದಕ್ಕಾಗುವ ಪುಸ್ತಕವೇ ಅಲ್ಲ ಎಂದಿತು. ಇನ್ನೊಂದು ಬಣ, ಓದಲಾಗದಿದ್ದರೆ ಅದು ನಿಮ್ಮ ಯೋಗ್ಯತೆ ಎಂದಿತು. ಈ ಎರಡು ಬಣಗಳೂ ನಮ್ಮ ವರಾಂಡಕ್ಕೆ ಸೀಮಿತವಲ್ಲ. ಈ ಕಾದಂಬರಿ ಬಂದಾಗಿನಿಂದ ಕನ್ನಡದ ಓದುಗರು ಹೆಚ್ಚು ಕಡಿಮೆ ಹೀಗೇ ಒಡೆದು ನಿಂತಿದ್ದಾರೆ. ಇಬ್ಬರೂ ಪುಸ್ತಕದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎನ್ನುವುದು ನನ್ನ ವಾದ.

ಓದದವರಿಗಾಗಿ ಎರಡು ಮಾತು. ಕಂಪನಿ ಸರ್ಕಾರ ಬಳ್ಳಾರಿ ಸೀಮೆಗೆ ಕಾಲಿಟ್ಟ ಕಾಲ. ಕುದುರೆಡವು ಎಂಬಲ್ಲಿ ಪಾಳೆಯಗಾರರ ಹಳೆಯ ಅರಮನೆ. ಅದು ಒಳಗಿನಿಂದ ಕುಸಿಯುತ್ತಿದೆ, ಹೊರಗಿನಿಂದ ಥಾಮಸ್ ಮನ್ರೋ ಬರುತ್ತಿದ್ದಾನೆ, ಇವೆರಡರ ನಡುವೆ ಸಾಂಬವಿ ಎಂಬ ದೇವತೆ. ಇದನ್ನೆಲ್ಲ ಹೇಳುತ್ತಿರುವುದು ಲೇಖಕನ ಶಿಷ್ಟ ಕನ್ನಡವಲ್ಲ, ಊರಿನ ಬಾಯಿ. ಆ ಬಾಯಿ ಹೇಗೆ ಉಚ್ಚರಿಸುತ್ತದೋ ಹಾಗೇ ಕಾಗುಣಿತ. ವಾಕ್ಯ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ, ಪೂರ್ಣವಿರಾಮಕ್ಕೆ ಕಾಯುತ್ತ ಕೂತರೆ ಉಸಿರು ಕಟ್ಟುತ್ತದೆ. ನಡೆದದ್ದಕ್ಕೂ ನಡೆಯಿತಂತೆ ಎನ್ನುವುದಕ್ಕೂ ಇಲ್ಲಿ ಗೆರೆಯಿಲ್ಲ. ಇಂಥದ್ದನ್ನು ಇಂಗ್ಲಿಷ್ ವಿಭಾಗದವರು ಆಧುನಿಕೋತ್ತರ ಎನ್ನುತ್ತಾರೆ, ಬಯಲಾಟ ನೋಡಿ ಬೆಳೆದವರು ‘ಇದರಲ್ಲಿ ಹೊಸದೇನು’ ಎನ್ನುತ್ತಾರೆ. ಹೆಸರು ಏನಾದರೂ ಇರಲಿ.

ಮೊದಲ ಬಣದ ಮುಖ್ಯ ದೂರು ಭಾಷೆಯದು. ‘ಈ ಬಳ್ಳಾರಿ ಕಡೆ ಮಾತು ನಮಗೆ ಹತ್ತಲ್ಲ ಮಾರಾಯ್ರೆ, ಒಂದು ಪುಟಕ್ಕೆ ಹತ್ತು ಸಲ ನಿಲ್ಲಬೇಕು’ ಎಂದರು ಬ್ಯಾಂಕಿನವರು. ಅವರು ತೀರ್ಥಹಳ್ಳಿ ಕಡೆಯವರು. ‘ಮಲೆಗಳಲ್ಲಿ ಮದುಮಗಳು’ ಅವರಿಗೆ ಮನೆದೇವರು. ಲಕ್ಕುಂದ, ಸಿಂಬಾವಿ, ಹೂವಳ್ಳಿ, ಬೆಟ್ಟಳ್ಳಿ ಎಂದು ಹೇಳುವಾಗ ಅವರ ದನಿಯೇ ಬದಲಾಗುತ್ತದೆ. ಬೈಸಿಕಲ್ಲನ್ನು ಜನ ‘ಬೀಸೆಕಲ್ಲು’ ಎನ್ನುವ ಭಾಗವನ್ನು ನೆನೆಸಿಕೊಂಡು ಒಬ್ಬರೇ ನಗುತ್ತಾರೆ. ಆ ನಗುವಿನಲ್ಲಿ ನಾನೂ ಪಾಲುದಾರ.

ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಬೀದರಿನವರು, ರಾಯಚೂರಿನವರು, ಕೋಲಾರದವರು ನಮ್ಮ ಮಲೆನಾಡಿನ ಮಾತನ್ನು ತಡವರಿಸಿಕೊಂಡು ಓದಿದ್ದಾರಲ್ಲ, ಅವರಿಗೆ ಒಂದು ಪುಟಕ್ಕೆ ಎಷ್ಟು ಸಲ ನಿಲ್ಲಬೇಕಾಗಿತ್ತು? ಕೊಪ್ಪೆ, ಹಡ್ಡೆ, ಒಡ್ಡಿ ಎಂದರೆ ಏನೆಂದು ಅವರು ಯಾರನ್ನು ಕೇಳಿದರು? ಅವರು ನಿಂತು ನಿಂತು ಓದಿದ್ದರಿಂದಲೇ ನಮ್ಮ ಒಂದು ತಾಲ್ಲೂಕಿನ ಹಳ್ಳಿಗಳ ಹೆಸರು ಇಡೀ ಕರ್ನಾಟಕಕ್ಕೆ ಬಾಯಿಪಾಠವಾಗಿದೆ. ನಮ್ಮ ಅಜ್ಜಿಯ ಮಾತು ಸಾಹಿತ್ಯ, ಕೊಟ್ಟೂರಿನ ಅಜ್ಜಿಯ ಮಾತು ಕ್ಲಿಷ್ಟತೆ ಎನ್ನುವುದು ಎಲ್ಲಿಯ ನ್ಯಾಯ? ಕಷ್ಟ ಎನ್ನುವುದು ಬಹಳ ಸಲ ಪುಸ್ತಕದ ಒಳಗಿರುವುದಿಲ್ಲ, ಓದುವವನು ಯಾವ ಜಿಲ್ಲೆಯಲ್ಲಿ ಕೂತಿದ್ದಾನೆ ಎಂಬುದರಲ್ಲಿರುತ್ತದೆ. ಹಳೇ ಮೈಸೂರು ಮತ್ತು ಮಲೆನಾಡಿನವರು ತಮ್ಮ ಮನೆಯ ಜಗಲಿಯನ್ನೇ ಕನ್ನಡದ ಮಧ್ಯ ಎಂದುಕೊಂಡು ಎಷ್ಟೋ ಕಾಲವಾಯಿತು. ‘ಓದಿಸಿಕೊಂಡು ಹೋಗುತ್ತದೆ’ ಎನ್ನುವ ಅಳತೆಗೋಲನ್ನು ಮಾಡಿದ ಬಡಗಿಯೂ ಆ ಜಗಲಿಯವನೇ ಇರಬೇಕೆಂದು ನನ್ನ ಗುಮಾನಿ.

ಎರಡನೆಯ ದೂರು ಉತ್ಪ್ರೇಕ್ಷೆಯದು. ಎಲ್ಲವೂ ಅತಿ, ಯಾವುದೂ ನಂಬುವಂತಿಲ್ಲ ಎಂದು. ಇಲ್ಲಿ ಸ್ವಲ್ಪ ಇತಿಹಾಸ ನೋಡಬೇಕು. 1800ರಲ್ಲಿ ನಿಜಾಮ ಬಳ್ಳಾರಿ, ಅನಂತಪುರ, ಕಡಪಾ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಗೆ ಕಲೆಕ್ಟರನಾಗಿ ಬಂದ ಮನ್ರೋ 1807ರವರೆಗೆ ಇದ್ದು, ಪಾಳೆಯಗಾರರನ್ನು ಅಡಗಿಸಿ, ನೆಲ ಅಳೆಸಿ, ರೈತನಿಂದಲೇ ನೇರವಾಗಿ ಕಂದಾಯ ಎತ್ತುವ ಪದ್ಧತಿಯನ್ನು ಕೂರಿಸಿದ. ಮುಂದೆ ಮದ್ರಾಸಿನ ಗವರ್ನರನಾದ. 1827ರಲ್ಲಿ ಅದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾಕ್ಕೆ ಸತ್ತ. ಜನ ಏನು ಮಾಡಿದರು? ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು. ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ಅವನೊಬ್ಬನಿಗೇ ಕಾಣಿಸಿಕೊಂಡು ಮಾತಾಡಿದರು ಎಂಬ ಕತೆ ಇವತ್ತಿಗೂ ಓಡಾಡುತ್ತಿದೆ. ಕಂದಾಯ ವಸೂಲಿಗೆ ಬಂದ ಸ್ಕಾಟ್ಲೆಂಡಿನವನೊಬ್ಬನನ್ನು ಅರ್ಧ ದೇವರಾಗಿ ಮಾಡಿಕೊಂಡ ನಾಡಿನ ಕತೆಯನ್ನು ಅಚ್ಚುಕಟ್ಟಾದ ವಾಸ್ತವವಾದಿ ಗದ್ಯದಲ್ಲಿ ಹೇಳಿದ್ದರೆ ಅದೇ ದೊಡ್ಡ ಸುಳ್ಳಾಗುತ್ತಿತ್ತು. ಆಂಧ್ರದ ಹಳ್ಳಿ ಶಾಲೆಗಳಲ್ಲಿ ವರ್ಷಗಟ್ಟಲೆ ಮೇಷ್ಟ್ರಾಗಿದ್ದ ಕುಂವೀಗೆ ಆ ಸೀಮೆಯಲ್ಲಿ ಗಾಳಿಮಾತು ಹೇಗೆ ಬೆಳೆಯುತ್ತದೆ ಎಂಬುದು ಗೊತ್ತು. ಗಾಳಿಮಾತಿಗೆ ಪುಟ ಬೇಕು. ಅದು ಒಂದು ಬಾಯಿಂದ ಇನ್ನೊಂದಕ್ಕೆ ಹೋಗಿ, ಬಣ್ಣ ಬದಲಾಯಿಸಿಕೊಂಡು, ಮೊದಲನೆಯವನ ಕಿವಿಗೇ ಹೊಸ ಸುದ್ದಿಯಾಗಿ ವಾಪಸು ಬರಬೇಕು. ಕಂಪನಿ ಸರ್ಕಾರ ಹಳ್ಳಿಗೆ ಬಂದದ್ದು ಫಿರಂಗಿಗಿಂತ ಮೊದಲು ಸುದ್ದಿಯಾಗಿ. ನೂರೈವತ್ತು ಪುಟದಲ್ಲಿ ಫಿರಂಗಿಯನ್ನು ತರಬಹುದು, ಸುದ್ದಿಯನ್ನು ತರಲಾಗುವುದಿಲ್ಲ.

ಉದ್ದ ಎನ್ನುವುದು ತೂಕದ ವಿಷಯವಲ್ಲ, ಕೆಲಸದ ವಿಷಯ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ತೀರ್ಥಹಳ್ಳಿ ತಾಲ್ಲೂಕೇ ಸಾಕು. 1965ರಲ್ಲಿ ‘ಸಂಸ್ಕಾರ’ ಬಂತು, 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಬಂತು. ಮೇಳಿಗೆಯಲ್ಲಿ ಹುಟ್ಟಿದವರು ಒಂದನ್ನು ಬರೆದರು, ಕುಪ್ಪಳಿಯಲ್ಲಿ ಬೆಳೆದವರು ಇನ್ನೊಂದನ್ನು. ಅನಂತಮೂರ್ತಿಯವರಿಗೆ ಒಂದು ಅಗ್ರಹಾರ, ಒಂದು ಹೆಣ, ಕೆಲವೇ ದಿನಗಳು ಸಾಕಾಗಿದ್ದವು. ಒಬ್ಬ ಮನುಷ್ಯನ ತಲೆಯೊಳಗಿನ ಬಿಕ್ಕಟ್ಟಿಗೆ ಅಷ್ಟೇ ಜಾಗ ಬೇಕು. ಕುವೆಂಪು ಅವರಿಗೆ ನಾಯಕನೇ ಬೇಡವಾಗಿದ್ದ. ಗುತ್ತಿಯೂ ಬೇಕು, ಅವನ ನಾಯಿಯೂ ಬೇಕು, ಐತ ಪೀಂಚಲುವೂ ಬೇಕು, ಪಾದ್ರಿಯೂ ಬೇಕು, ಇವರೆಲ್ಲರ ತಲೆಯ ಮೇಲೆ ಕಾಡು ಸುರಿಯುತ್ತಲೇ ಇರಬೇಕು. ಸಣ್ಣ ಕಾದಂಬರಿಯೇ ಹೊಸತನ ಎಂದು ನಂಬಿದ್ದ ಕಾಲ ಅದು. ಆ ಕಾಲಕ್ಕೆ ಈ ಬೃಹತ್ ಪುಸ್ತಕ ಹಳೆಯ ಪದ್ಧತಿಯದಾಗಿ ಕಂಡಿತು. ಅದು ಎಷ್ಟು ಹೊಸದು ಎಂದು ಹೇಳುವವರು ಬರಲು ಹೊತ್ತು ಹಿಡಿಯಿತು. ಬೇರೆ ಕಡೆಯೂ ಇದೇ ಕತೆ. 1974ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿಗೆ ಮೂವರು ತೀರ್ಪುಗಾರರೂ ಒಮ್ಮತದಿಂದ ಥಾಮಸ್ ಪಿಂಚನ್‌ನ ‘ಗ್ರಾವಿಟೀಸ್ ರೇನ್‌ಬೋ’ವನ್ನು ಆರಿಸಿದರೆ, ಮೇಲಿನ ಮಂಡಳಿ ಇದು ಓದಲಾಗದ್ದು ಎಂದು ತಳ್ಳಿಹಾಕಿತು. ಆ ವರ್ಷ ಕಥಾಸಾಹಿತ್ಯಕ್ಕೆ ಪ್ರಶಸ್ತಿಯೇ ಇಲ್ಲ. ‘ಓದಿಸಿಕೊಂಡು ಹೋಗಲಿಲ್ಲ’ ಎನ್ನುವವರು ನ್ಯೂಯಾರ್ಕಿನಲ್ಲೂ ಇದ್ದಾರೆ, ಸಮಿತಿಗಳಲ್ಲೂ ಕೂತಿರುತ್ತಾರೆ.

ಇಷ್ಟು ಹೇಳಿದ ಮೇಲೆ ಎರಡನೆಯ ಬಣದವರು ನನ್ನನ್ನು ತಮ್ಮವನೆಂದು ಹೆಗಲ ಮೇಲೆ ಕೈ ಹಾಕಲು ಬರುತ್ತಾರೆ. ಬೇಡ. ಅವರ ಮೇಲೆ ನನಗಿರುವ ಸಿಟ್ಟು ಇನ್ನೂ ಹೆಚ್ಚಿನದು.

ಇವರು ‘ಮುಗಿಸಿದವರು’. ಇವರಿಗೆ ದಪ್ಪ ಪುಸ್ತಕವೆಂದರೆ ಕೊಡಚಾದ್ರಿ. ಹತ್ತಿ, ಮೇಲೆ ನಿಂತು ಫೋಟೋ ತೆಗೆಸಿಕೊಂಡು ಇಳಿಯಬೇಕು. ‘ನೀವು ಎಷ್ಟು ಪುಟ ಆಯ್ತು?’ ಎಂಬುದು ಇವರ ಮೊದಲ ಪ್ರಶ್ನೆ. ಏನು ಕಂಡಿರಿ ಎಂದು ತಿರುಗಿ ಕೇಳಿದರೆ ಮೂರು ಶಬ್ದಗಳು ಸಿಗುತ್ತವೆ: ಮಹಾಕಾವ್ಯಾತ್ಮಕ, ಬಹುತ್ವ, ಮಾಂತ್ರಿಕ ವಾಸ್ತವ. ಆಮೇಲೆ ‘ನಮ್ಮ ಮಾರ್ಕ್ವೆಜ್.’ ಇದನ್ನು ಹೊಗಳಿಕೆ ಎಂದು ತಿಳಿದು ಹೇಳುತ್ತಾರೆ. ಮಾರ್ಕ್ವೆಜ್‌ನ ‘ನೂರು ವರ್ಷಗಳ ಏಕಾಂತ’ ಸ್ಪಾನಿಷಿನಲ್ಲಿ ಪ್ರಕಟವಾದದ್ದು 1967ರಲ್ಲಿ, ‘ಮದುಮಗಳು’ ಬಂದ ಅದೇ ವರ್ಷ. ಕುಪ್ಪಳಿಯವರು ಕೊಲಂಬಿಯಾದ ಕಡೆ ನೋಡಿ ಬರೆದಿರಲಿಲ್ಲ. ದೇವರು ಮೈಮೇಲೆ ಬರುವುದನ್ನು ವಾರಕ್ಕೊಮ್ಮೆ ನೋಡುವ ಊರಿನವನಿಗೆ ಮಾಂತ್ರಿಕತೆಯನ್ನು ದಕ್ಷಿಣ ಅಮೆರಿಕದಿಂದ ಆಮದು ಮಾಡಿಕೊಡುವುದು ಅವನಿಗೆ ಮಾಡುವ ಅವಮಾನ. ಅದಕ್ಕಿಂತ ಮುಖ್ಯವಾಗಿ, ಈ ಶಬ್ದಗಳಿಗೆ ಪುಸ್ತಕ ಓದುವ ಅಗತ್ಯವೇ ಇಲ್ಲ. ಬೆನ್ನುಡಿ ಸಾಕು.

ಮುಗಿಸುವುದೇ ಓದಿನ ಗುರಿ ಎಂದು ಇವರಿಗೆ ಹೇಳಿಕೊಟ್ಟವರು ಯಾರು? ನಮ್ಮ ಶಿವಮೊಗ್ಗದ ಮಗ್ಗುಲಲ್ಲೇ ತುಂಗೆಯ ದಡದಲ್ಲಿ ಹೊಸಹಳ್ಳಿ ಇದೆ, ಗಮಕದ ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಊರೆಲ್ಲ ಹಿಗ್ಗಿತು. ಗಮಕ ಕೇಳಲು ಕೂತವರಲ್ಲಿ ಯಾರಾದರೂ ‘ಕುಮಾರವ್ಯಾಸ ಭಾರತ ಮುಗಿಸಿದೆ’ ಎಂದು ಎದೆಯುಬ್ಬಿಸಿದ್ದನ್ನು ಕೇಳಿದ್ದೀರಾ? ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳ ಕಾವ್ಯವದು. ಒಂದು ಸಂಜೆ ಒಂದು ಸಂಧಿಯ ಅರ್ಧ, ಇನ್ನೊಂದು ಸಂಜೆ ಇನ್ನೆಲ್ಲಿಯದೋ ಪ್ರಸಂಗ. ನಡುವೆ ಎದ್ದು ಹೋದವನನ್ನು ಯಾರೂ ಯೋಗ್ಯತೆಯಿಲ್ಲದವನೆಂದು ಹೀಗಳೆಯಲಿಲ್ಲ. ಬೇಕಾದರೆ ಇನ್ನೊಂದು ಮಾತು ಕೇಳಿ: ವ್ಯಾಸರದು ಹದಿನೆಂಟು ಪರ್ವ, ಕುಮಾರವ್ಯಾಸ ಹತ್ತಕ್ಕೇ ನಿಲ್ಲಿಸಿದ. ಗದಾಪರ್ವದ ಆಚೆಗಿನದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ತುಂಬಿಸಬೇಕಾಯಿತು. ಕನ್ನಡದ ಅತಿ ಪ್ರೀತಿಯ ಉದ್ದದ ಕಾವ್ಯವನ್ನು ಕವಿಯೇ ಮುಗಿಸಲಿಲ್ಲ ಸ್ವಾಮಿ. ನಲವತ್ತನೇ ಪುಟಕ್ಕೆ ನಿಂತ ಔಷಧಿ ಅಂಗಡಿಯವರನ್ನು ನೀವೇಕೆ ಕೀಳಾಗಿ ನೋಡುತ್ತೀರಿ?

ಉದ್ದವನ್ನು ನಮ್ಮ ಜನ ತಾಳುವುದಿಲ್ಲ ಎನ್ನುವುದೂ ಸುಳ್ಳು. ಸಿ. ಬಸವಲಿಂಗಯ್ಯ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ‘ಮದುಮಗಳು’ವನ್ನು ರಾತ್ರಿಯಿಡೀ ನಡೆಯುವ ಒಂಬತ್ತು ಗಂಟೆಯ ನಾಟಕ ಮಾಡಿದಾಗ, ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ ಆಡಿಸಿದಾಗ, ಜನ ಕಂಬಳಿ ಹೊದ್ದು, ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆದು ನೋಡಿದರು. ನಡುವೆ ತೂಕಡಿಸಿದವರೂ ಇದ್ದರು. ತೂಕಡಿಸಿ ಎಚ್ಚರಾದಾಗ ಕತೆ ಮುಂದೆ ಹೋಗಿತ್ತು, ಅವರೂ ಮುಂದೆ ಹೋದರು. ಉದ್ದದ ಕಾದಂಬರಿಯನ್ನೂ ಹೀಗೆ ಓದಬಹುದು. ತೂಕಡಿಸಿ, ಬಿಟ್ಟು, ಮಳೆ ಹಿಡಿದಾಗ ಮತ್ತೆ ತೆರೆದು, ಜೋರಾಗಿ ಓದಿಸಿ ಕೇಳಿ. ಬಿಟ್ಟವನೂ ಓದುಗನೇ. ನಾನು ಕೇಳುವುದು ಒಂದೇ: ತೀರ್ಪು ಕೊಡುವುದಾದರೆ ಪುಟ ತೋರಿಸಿ ಕೊಡಿ. ‘ಓದಿಸಿಕೊಂಡು ಹೋಗಲಿಲ್ಲ’ ಎನ್ನುವವನು ಎಲ್ಲಿ ನಿಂತ, ಅಲ್ಲಿ ಏನಿತ್ತು ಎಂದು ಹೇಳಲಿ. ‘ಮಹಾಕಾವ್ಯಾತ್ಮಕ’ ಎನ್ನುವವನು ಯಾವ ಪುಟದಲ್ಲಿ ಎಂದು ಹೇಳಲಿ.

ನನ್ನದನ್ನೂ ಹೇಳಿಬಿಡುತ್ತೇನೆ. ‘ಅರಮನೆ’ಯ ದೊಡ್ಡ ತೊಡಕು ಅದರ ಉದ್ದವಲ್ಲ, ಅದರ ಶ್ರುತಿ. ಸಾವು, ಹಬ್ಬ, ಹಸಿವು, ಹಾಸ್ಯ ಎಲ್ಲವೂ ಒಂದೇ ಏರುದನಿಯಲ್ಲಿ ಬರುತ್ತವೆ. ತಮಟೆ ಇಡೀ ರಾತ್ರಿ ಬಡಿದರೆ ನಡುರಾತ್ರಿಯ ಮೇಲೆ ಅದು ಕೇಳಿಸುವುದು ನಿಂತುಹೋಗುತ್ತದೆ. ಕುವೆಂಪು ದನಿ ಇಳಿಸಬಲ್ಲರು, ನಾಲ್ಕು ಪುಟ ಬರೀ ಮಳೆ ಕೇಳಿಸಬಲ್ಲರು. ಕುಂವೀಗೆ ಆ ತಾಳ್ಮೆ ಇಲ್ಲ, ಅಥವಾ ಬೇಡ. ಮನ್ರೋ ಬರುವ ಭಾಗಗಳಲ್ಲಿ ಮಾತ್ರ, ಒಬ್ಬ ಪರಕೀಯ ಈ ಗದ್ದಲವನ್ನು ಅರ್ಥಮಾಡಿಕೊಳ್ಳಲು ಹೆಣಗುವಾಗ, ಗದ್ದಲಕ್ಕೇ ಒಂದು ಅಂಚು ಸಿಗುತ್ತದೆ. ಆ ಭಾಗಗಳಿಗಾಗಿ ನಾನು ಉಳಿದದ್ದನ್ನು ಸಹಿಸಿದೆ ಎಂದರೆ ಅದು ದೂಷಣೆಯೂ ಹೌದು, ಹೊಗಳಿಕೆಯೂ ಹೌದು.

ನಮ್ಮ ವರಾಂಡದಲ್ಲಿ ಇದಕ್ಕಿಂತ ಒಳ್ಳೆಯ ತಕರಾರು ಬಂದದ್ದು ಹರಪನಹಳ್ಳಿ ಕಡೆಯ ಹುಡುಗಿಯಿಂದ. ಹಾಸ್ಟೆಲಿನಲ್ಲಿದ್ದು ಎಂ.ಎ. ಓದುತ್ತಿರುವವಳು. ಬ್ಯಾಂಕಿನವರು ‘ನಿಮ್ಮ ಕಡೆ ಮಾತು, ನೀನೇ ಓದಮ್ಮ’ ಎಂದು ಪುಸ್ತಕ ಕೊಟ್ಟರು. ಅವಳು ಗಟ್ಟಿಯಾಗಿ ಓದಿದ ಇಪ್ಪತ್ತು ನಿಮಿಷದಲ್ಲಿ ಭಾಷೆಯ ಕಷ್ಟ ಅರ್ಧಕ್ಕರ್ಧ ಕರಗಿಹೋಯಿತು. ಕಾಗದದ ಮೇಲೆ ಗಂಟುಗಂಟಾಗಿ ಕಂಡದ್ದು ಕಿವಿಗೆ ಮಾತಾಗಿ ಬಿತ್ತು. ಎಲ್ಲರೂ ನಗತೊಡಗಿದೆವು. ಅವಳು ಪುಸ್ತಕ ಮುಚ್ಚಿದಳು.

‘ಸರ್, ನಮ್ಮಜ್ಜಿ ಮನಿಯಾಗ ಹಿಂಗ ಮಾತಾಡ್ತಾಳ. ಅಲ್ಲಿ ಯಾರೂ ನಗಂಗಿಲ್ಲ’ ಎಂದಳು. ‘ಅಕಿ ನೋವಿನ ಮಾತೂ ನಿಮಗ ನಗೀ ಬರೋ ಹಂಗ ಬರದಾರ. ನನಗ ಅದಕ್ಕ ಸಿಟ್ಟು.’

ಯಾರೂ ಮಾತಾಡಲಿಲ್ಲ. ಅವಳ ಮಾತಿಗೆ ನನ್ನ ಬಳಿ ಅರ್ಧ ಉತ್ತರವಿದೆ: ನಗುವುದು ಕಾದಂಬರಿಯೋ ನಾವೋ ಎಂಬುದನ್ನು ಬಿಡಿಸಿ ನೋಡಬೇಕು, ವಿದ್ಯಾನಗರದಲ್ಲಿ ಕೂತ ಕಿವಿಗೆ ಬಳ್ಳಾರಿಯ ನೋವು ತಮಾಷೆಯಾಗಿ ಕೇಳಿದರೆ ದೋಷದ ಒಂದು ಪಾಲು ಕಿವಿಯದು. ಇನ್ನರ್ಧಕ್ಕೆ ಉತ್ತರವಿಲ್ಲ. ಕಾಗುಣಿತವನ್ನೇ ಬಾಯಿಮಾತಿಗೆ ಬಗ್ಗಿಸಿದಾಗ, ಅಕ್ಷರ ಕಲಿತವನ ಮುಂದೆ ಅಕ್ಷರ ಕಲಿಯದವಳ ಮಾತು ವೇಷ ಹಾಕಿಕೊಂಡಂತೆ ಕಾಣುವ ಅಪಾಯ ಇದ್ದೇ ಇದೆ. ಕುವೆಂಪು ನಿರೂಪಣೆಯನ್ನು ಶಿಷ್ಟ ಕನ್ನಡದಲ್ಲಿ ಇಟ್ಟು ಸಂಭಾಷಣೆಯನ್ನು ಮಾತ್ರ ಮಲೆನಾಡಿಗೆ ಬಿಟ್ಟರು. ಕುಂವೀ ನಿರೂಪಕನನ್ನೇ ಜನರ ನಡುವೆ ಕೂರಿಸಿದರು. ಯಾವುದರಲ್ಲಿ ಅಜ್ಜಿಗೆ ಹೆಚ್ಚು ಮರ್ಯಾದೆ? ಇದು ವಾದಿಸಲು ಯೋಗ್ಯವಾದ ಪ್ರಶ್ನೆ, ಒಂದು ಮಳೆಗಾಲಕ್ಕೆ ಸಾಲುವಂಥದ್ದಲ್ಲ. ಇದನ್ನು ಎತ್ತಿದವಳು ಕಾದಂಬರಿಯನ್ನು ಅರ್ಧ ಮಾತ್ರ ಓದಿದ್ದಳು ಎಂಬುದನ್ನು ‘ಮುಗಿಸಿದವರು’ ದಯವಿಟ್ಟು ಗುರುತು ಹಾಕಿಕೊಳ್ಳಲಿ.

ಇಂಥ ತಕರಾರು ಮುಂದೆಯೂ ಹುಟ್ಟುತ್ತದೆಯೇ ಎನ್ನುವುದೇ ನನ್ನ ಚಿಂತೆ. ಸೆಮಿಸ್ಟರು ಬಂದ ಮೇಲೆ ನಮ್ಮ ಪದವಿ ತರಗತಿಗಳಿಗೆ ಕಾದಂಬರಿ ಆರಿಸುವವರು ಮೊದಲು ನೋಡುವುದು ಪುಟಸಂಖ್ಯೆ. ನಾಲ್ಕು ತಿಂಗಳು, ಹತ್ತಾರು ವಿಷಯ, ನಡುವೆ ಆಂತರಿಕ ಪರೀಕ್ಷೆ. ದಪ್ಪ ಪುಸ್ತಕವನ್ನು ಯಾರೂ ನಿಷೇಧಿಸಿಲ್ಲ, ಅದಕ್ಕೆ ವೇಳಾಪಟ್ಟಿಯಲ್ಲಿ ಜಾಗವಿಲ್ಲ ಅಷ್ಟೇ. ಎಲ್ಲಾದರೂ ಇಟ್ಟರೆ ಒಂದು ಭಾಗ ಕತ್ತರಿಸಿ ಇಡುತ್ತಾರೆ, ಉಳಿದದ್ದನ್ನು ಗೈಡು ನೋಡಿಕೊಳ್ಳುತ್ತದೆ. ಒಂದು ದೊಡ್ಡ ಕಾದಂಬರಿಯನ್ನು ಎರಡು ಸೆಮಿಸ್ಟರಿಗೆ ಹರಡಿ ಇಡಿ. ವಾರಕ್ಕೊಂದು ತಾಸು ತರಗತಿಯಲ್ಲೇ ಗಟ್ಟಿಯಾಗಿ ಓದಿಸಿ, ಬಳ್ಳಾರಿಯ ಪುಸ್ತಕವನ್ನು ಬಳ್ಳಾರಿಯ ಮಕ್ಕಳಿಂದ, ಮಲೆನಾಡಿನದನ್ನು ಮಲೆನಾಡಿನವರಿಂದ. ಪರೀಕ್ಷೆಗೆ ಪುಸ್ತಕ ತೆಗೆದುಕೊಂಡೇ ಬರಲಿ, ಎಲ್ಲಿ ಬೇಸರವಾಯಿತು ಎಂದು ಪುಟ ತೋರಿಸಿ ಬರೆಯಲಿ, ಬೇಸರಕ್ಕೂ ಅಂಕ ಕೊಡಿ. ಸದ್ಯಕ್ಕೆ ನಡೆಯುತ್ತಿರುವುದು ಇದು: ‘ಮದುಮಗಳು’ ಕಾದಂಬರಿಯ ಮೊದಲ ಪುಟಗಳಲ್ಲಿ ಗುತ್ತಿಯ ಹಿಂದೆ ಹೊರಟು, ಕಾಡು, ಕತ್ತಲೆ, ಜಿಗಣೆ ಎಲ್ಲ ದಾಟಿ ಬಂದ ಹುಲಿಯ ಕೊನೆಗೆ ತುಂಬಿದ ತುಂಗೆಯಲ್ಲಿ ಕೊಚ್ಚಿಹೋಗುತ್ತಾನೆ, ಆ ನಾಯಿಯ ಜೊತೆ ಒಂದು ಹೆಜ್ಜೆಯನ್ನೂ ಇಡದ ಹುಡುಗ, ಅದೇ ತುಂಗೆಗೆ ಕೂಗಳತೆಯ ಪರೀಕ್ಷಾ ಕೋಣೆಯಲ್ಲಿ ಕೂತು, ‘ಹುಲಿಯನ ಸಾವಿನ ಮಹತ್ವ’ವನ್ನು ಐದು ಅಂಕಕ್ಕೆ ಬರೆದು ಬರುತ್ತಾನೆ.